ಆಸ್ಪತ್ರೆಗೆ ರ‍್ಯಾಂಪ್: ಅಳತೆ ತಪ್ಪದಂತೆ ಕಟ್ಟಿಸುವುದು ಹೇಗೆ?

ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳ ಎಲ್ಲ ಭಾಗಗಳಿಗೂ ವಿಕಲಚೇತನರು ಅಡೆತಡೆಯಿಲ್ಲದೆ ಹೋಗುವಂತಿರಬೇಕು, ಚಿಕಿತ್ಸೆಯಲ್ಲಿ ಅವರಿಗೆ ಆದ್ಯತೆ ಸಿಗಬೇಕು ಎಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 25ನೇ ಕಲಂ ಹೇಳುತ್ತದೆ. ತುಮಕೂರು ಜಿಲ್ಲೆಯ ಹಳ್ಳಿಗಾಡಿನಲ್ಲಿ ನಾನು ಕಂಡಿರುವುದು ಮಾತ್ರ ಬಹುಪಾಲು ಮೆಟ್ಟಿಲ ಪಕ್ಕಕ್ಕೆ ಮೆತ್ತಿದ ಕಡಿದಾದ ಸಿಮೆಂಟಿನ ಇಳಿಜಾರು. ಅದು ಬೈಕ್ ಹತ್ತಿಸಲು ಅನುಕೂಲವೇ ಹೊರತು ಗಾಲಿಕುರ್ಚಿಗಲ್ಲ.

ಸರಿಯಾದ ರ‍್ಯಾಂಪ್, ಅಂದರೆ ಗಾಲಿಕುರ್ಚಿ ಏರಬಲ್ಲ ಇಳಿಜಾರು ದಾರಿ ಬೇಕಿದ್ದರೆ, ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಗೆ ಅರ್ಜಿ ಕೊಟ್ಟು, ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಗ್ರಾಮ ಪಂಚಾಯಿತಿಯಲ್ಲಿ ವಿಕಲಚೇತನರ ನೆರವಿಗೆಂದೇ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೂ ಜೊತೆಗೆ ಕರೆದುಕೊಳ್ಳಿ.

ಎರಡನೆಯದು ಅಳತೆ, ಕೆಲಸ ಕೆಡುವುದು ಇಲ್ಲಿಯೇ. ಒಂದು ಅಡಿ ಎತ್ತರಕ್ಕೆ ಕನಿಷ್ಠ ಹನ್ನೆರಡು ಅಡಿ ಉದ್ದ ಬೇಕು. ಎತ್ತರವನ್ನು ಮೆಟ್ಟಿಲು ಎಣಿಸಿ ಅಂದಾಜು ಮಾಡಬಾರದು. ಅಂಗಳವೇ ಇಳಿಜಾರಾಗಿರುವ ಕಡೆ, ಕುರ್ಚಿಯ ಚಕ್ರ ನೆಲ ಬಿಟ್ಟು ರ‍್ಯಾಂಪ್ ಏರುವ ಜಾಗದಿಂದ ಒಳಗಿನ ನೆಲದವರೆಗೆ, ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ನೀರು ತುಂಬಿದ ಪೈಪು ಹಿಡಿದು ಎತ್ತರ ನೋಡಬೇಕು. ಹೀಗೆ ನೋಡಿದಾಗ ಎರಡು ಅಡಿ ಬಂದರೆ ರ‍್ಯಾಂಪ್ ಇಪ್ಪತ್ನಾಲ್ಕು ಅಡಿ ಉದ್ದವಿರಬೇಕು. ಜಾಗ ಸಾಲದಿದ್ದರೆ ತಿರುವು ಕೊಟ್ಟು ಕಟ್ಟಿಸಿ, ಆದರೆ ಉದ್ದವನ್ನು ಕಡಿತ ಮಾಡಲು ಒಪ್ಪಬೇಡಿ. ತಿರುವಿನಲ್ಲಿಯೂ ಬಾಗಿಲ ಮುಂದೆಯೂ ಐದಡಿ ಉದ್ದಗಲದ ಸಮತಟ್ಟು ಜಾಗವಿರಲಿ. ಇಲ್ಲದಿದ್ದರೆ ಬಾಗಿಲು ತೆರೆಯಲು ಕೈ ಚಾಚಿದಾಗ ಕುರ್ಚಿ ಹಿಂದಕ್ಕೆ ಜಾರುತ್ತದೆ. ಅಗಲ ನಾಲ್ಕು ಅಡಿಗಿಂತ ಕಡಿಮೆಯಾಗಬಾರದು. ರ‍್ಯಾಂಪ್ ಮತ್ತು ಒಳನೆಲ ಕೂಡುವಲ್ಲಿ ಒಂದು ಇಂಚಿನ ಅಂಚು ಉಳಿದರೂ ಮುಂದಿನ ಪುಟ್ಟ ಚಕ್ರ ಅಲ್ಲಿಯೇ ಸಿಕ್ಕಿಕೊಂಡು, ಕುಳಿತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಆದ್ದರಿಂದ ಆ ಸಂದನ್ನು ಕೈಯಿಂದ ಸವರಿಯೇ ನೋಡಿ.

ಗ್ರಾನೈಟ್ ನಮ್ಮ ಸೀಮೆಯಲ್ಲಿ ಸುಲಭವಾಗಿ ಸಿಗುತ್ತದೆಂದು ಪಾಲಿಶ್ ಮಾಡಿದ ಚಪ್ಪಡಿ ಹಾಸುವುದು ಬೇಡವೇ ಬೇಡ. ಮಳೆ ಬಿದ್ದರೆ ಅದರ ಮೇಲೆ ಊರುಗೋಲು ನಿಲ್ಲುವುದಿಲ್ಲ. ಅದಕ್ಕೆ ಪರಿಹಾರವೆಂದು ಅಂಟಿಸುವ ಜಾರದ ಪಟ್ಟಿಗಳೂ ಬೇಗ ಕಿತ್ತುಬರುತ್ತವೆ. ಹಸಿ ಸಿಮೆಂಟಿನ ಮೇಲೆ ಪೊರಕೆಯಿಂದ ಅಡ್ಡಗೆರೆ ಎಳೆಸುವುದೇ ಸಾಕು. ತಗಡಿನ ತಾತ್ಕಾಲಿಕ ರ‍್ಯಾಂಪ್ ತರುತ್ತೇವೆ ಎಂದರೆ ಒಪ್ಪಬೇಡಿ, ಅದು ಉಗ್ರಾಣ ಸೇರುತ್ತದೆ.

ಹಿಡಿಕಂಬಿಗಳು ಎರಡೂ ಬದಿಗೆ, ಎರಡೂವರೆ ಮತ್ತು ಮೂರು ಅಡಿ ಎತ್ತರದಲ್ಲಿರಲಿ. ಪಾವಗಡದ ಬಿಸಿಲಿಗೆ ಹೊಳೆಯುವ ಸ್ಟೀಲ್ ಪೈಪು ಮುಟ್ಟಲಾಗದಷ್ಟು ಕಾಯುತ್ತದೆ. ಮೇಲೆ ನೆರಳಿನ ಮಾಡು ಇರಲಿ.

ಬಿಲ್ ಪಾಸಾಗುವ ಮುನ್ನ ಗಾಲಿಕುರ್ಚಿ ಬಳಸುವವರೊಬ್ಬರು ಅದನ್ನು ತಾವೇ ನಡೆಸಿಕೊಂಡು ಹತ್ತಿ ಇಳಿಯಲಿ, ಎಂಜಿನಿಯರ್ ನಿಂತು ನೋಡಲಿ.

ಒಳಗಿನ ಕೆಲಸ ಸುಲಭ: ಬಾಗಿಲು ಮೂರಡಿ ಅಗಲ, ತಪಾಸಣೆಗೆ ಕುರ್ಚಿಯ ಎತ್ತರದ ಒಂದು ಮಂಚ, ಓ.ಪಿ. ಚೀಟಿಗೆ ತಗ್ಗಿನ ಕಿಟಕಿ. ಶೌಚಾಲಯದ ಬಾಗಿಲು ಹೊರಕ್ಕೆ ತೆರೆಯುವಂತಿರಲಿ, ಒಳಗೆ ಫಿನಾಯಿಲ್ ಡಬ್ಬಿ, ಮುರಿದ ಸ್ಟೂಲುಗಳನ್ನು ಪೇರಿಸಿ ಬೀಗ ಹಾಕಲು ಯಾರಿಗೂ ಬಿಡಬೇಡಿ.