ಮೊದಲ ತಿರುವಿಗೆ ಟೈರ್ ಆರಿಸಿದ ಬಗೆ

ಹಿಲ್ ಕ್ಲೈಂಬ್‌ಗೆ, ಅಂದರೆ ಬೆಟ್ಟದ ದಾರಿಯನ್ನು ಒಬ್ಬೊಬ್ಬರಾಗಿ ಆದಷ್ಟು ಬೇಗ ಏರುವ ಕಾರು ಸ್ಪರ್ಧೆಗೆ, ಟೈರ್ ಹುಡುಕತೊಡಗಿದ ಹವ್ಯಾಸಿಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ಸರ್ಕ್ಯೂಟಿನಲ್ಲಿ ಕಾರು ಓಡಿಸುವವರಿಂದ ಬಂದವು. ಸರ್ಕ್ಯೂಟಿನಲ್ಲಿ ಟೈರು ಹದಕ್ಕೆ ಬರಲು ಒಂದೆರಡು ಸುತ್ತುಗಳ ಅವಕಾಶವಿರುತ್ತದೆ. ಆಮೇಲೆ ಅದು ಎಷ್ಟು ಹೊತ್ತು ಹದ ಕೆಡದೆ ಉಳಿಯುತ್ತದೆ ಎಂಬುದೇ ಅಲ್ಲಿ ಮುಖ್ಯವಾಗುತ್ತದೆ. ಬೆಟ್ಟದಲ್ಲಿ ನಿಂತಲ್ಲಿಂದ ಹೊರಟ ಕಾರು ಕೆಲವೇ ಸೆಕೆಂಡುಗಳಲ್ಲಿ ಮೊದಲ ತಿರುವಿಗೆ ಬಂದಿರುತ್ತದೆ, ಆಗ ಟೈರು ಹೆಚ್ಚುಕಡಿಮೆ ಗಾಳಿಯಷ್ಟೇ ತಣ್ಣಗಿರುತ್ತದೆ. ಹಿಲ್ ಕ್ಲೈಂಬ್ ಎಂಬ ಒಂದೇ ಹೆಸರಿನಡಿಯಲ್ಲಿಯೂ ವ್ಯತ್ಯಾಸ ದೊಡ್ಡದು. 1905ರಲ್ಲಿ ಸ್ಪರ್ಧೆ ಆರಂಭವಾದ ಇಂಗ್ಲೆಂಡಿನ ಶೆಲ್ಸ್ಲಿ ವಾಲ್ಶ್ ದಾರಿಯ ಉದ್ದ 1000 ಗಜ, ಅಂದರೆ 914 ಮೀಟರ್ ಮಾತ್ರ. ಅಮೆರಿಕದ ಪೈಕ್ಸ್ ಪೀಕ್ ದಾರಿ ಸುಮಾರು 20 ಕಿ.ಮೀ. ಉದ್ದವಿದ್ದು 156 ತಿರುವುಗಳನ್ನು ದಾಟಿ 4300 ಮೀಟರ್ ಎತ್ತರಕ್ಕೆ ಏರುತ್ತದೆ. ನಾನು ಸ್ಪರ್ಧಿಸುವುದು ಮೊದಲನೆಯ ಬಗೆಯ ಚಿಕ್ಕ ಬೆಟ್ಟಗಳಲ್ಲಿ, ರಸ್ತೆ ಕಾರುಗಳ ವರ್ಗದಲ್ಲಿ, ಸುಮಾರು 950 ಕಿಲೋ ತೂಕದ ಮುಂಚಕ್ರ ಚಾಲಿತ ಹ್ಯಾಚ್‌ಬ್ಯಾಕಿನಲ್ಲಿ. ಸ್ಪರ್ಧೆಗೆ ಅದೇ ಟೈರಿನ ಮೇಲೆ ಹೋಗಿ ಅದೇ ಟೈರಿನ ಮೇಲೆ ಮರಳುತ್ತೇನೆ. ಆದ್ದರಿಂದ ಟೈರಿನ ಗರಿಷ್ಠ ಹಿಡಿತ ಎಷ್ಟು ಎಂದು ಕೇಳುವುದನ್ನು ಬಿಟ್ಟು, ತಣ್ಣಗಿರುವಾಗ ಅದರ ಎಷ್ಟು ಪಾಲು ಕೈಗೆ ಸಿಗುತ್ತದೆ ಎಂಬುದನ್ನೇ ಅಳತೆಗೋಲಾಗಿ ಇಟ್ಟುಕೊಂಡೆ.

ನಿಯಮಾವಳಿಯಿಂದ ಆರಂಭಿಸಿದ್ದರಿಂದ ಸಮಯ ಉಳಿಯಿತು. ರಸ್ತೆಗೆ ಒಪ್ಪಿಗೆ ಪಡೆದ ಟೈರು ಎಂದರೆ ಹಲವು ದೇಶಗಳಲ್ಲಿ ಅದರ ಪಕ್ಕದ ಮೈಮೇಲೆ ವೃತ್ತದೊಳಗಿನ ‘ಇ’ ಅಕ್ಷರ ಮತ್ತು ಒಪ್ಪಿಗೆ ಕೊಟ್ಟ ದೇಶದ ಸಂಖ್ಯೆ ಇರಬೇಕು. ಸಂಖ್ಯೆ 4 ಇದ್ದರೆ ನೆದರ್ಲೆಂಡ್ಸ್, 11 ಇದ್ದರೆ ಬ್ರಿಟನ್. ಆದರೆ ರಸ್ತೆಗೆ ಒಪ್ಪಿಗೆ ಇದೆ ಎಂದ ಮಾತ್ರಕ್ಕೆ ವರ್ಗದ ನಿಯಮ ಒಪ್ಪುತ್ತದೆ ಎಂದಲ್ಲ. ಬ್ರಿಟನ್ನಿನಲ್ಲಿ ಮೋಟರ್‌ಸ್ಪೋರ್ಟ್ ಯುಕೆ ಸಂಸ್ಥೆ ಸಾಧಾರಣ ರಸ್ತೆ ಟೈರುಗಳನ್ನು ಪಟ್ಟಿ 1ಎಯಲ್ಲಿಯೂ ಹೆಚ್ಚು ಹಿಡಿತದವನ್ನು ಪಟ್ಟಿ 1ಬಿಯಲ್ಲಿಯೂ ಬೇರೆಬೇರೆಯಾಗಿ ಇಡುತ್ತದೆ, ಕೆಲವು ವರ್ಗಗಳಲ್ಲಿ ಮೊದಲ ಪಟ್ಟಿಯವು ಮಾತ್ರ ಸಲ್ಲುತ್ತವೆ. ಬೇರೆ ಕಡೆಗಳಲ್ಲಿ ಟ್ರೆಡ್‌ವೇರ್ (ಸವೆತದ) ಸಂಖ್ಯೆ 200ಕ್ಕಿಂತ ಕಡಿಮೆ ಇರಬಾರದು ಎಂಬಂಥ ನಿಯಮ ಇರುತ್ತದೆ. ಒಂದೇ ಹೆಸರಿನ ಟೈರು ಎರಡು ಮೂರು ರಬ್ಬರ್ ಮಿಶ್ರಣಗಳಲ್ಲಿ ಬರುವುದೂ ಉಂಟು. ಹಾಗಾಗಿ ಹಣ ಕೊಡುವ ಮುನ್ನ ಪಕ್ಕದ ಮೇಲಿನ ಪೂರ್ತಿ ಬರಹವನ್ನು ನಿಯಮದ ಬರಹದೊಂದಿಗೆ ಅಕ್ಷರ ಅಕ್ಷರ ಹೋಲಿಸಿ ನೋಡುತ್ತೇನೆ.

ಟ್ರೆಡ್‌ವೇರ್ ಸಂಖ್ಯೆಯ ಬಗ್ಗೆ ಇಲ್ಲಿಯೇ ಒಂದು ಮಾತು ಹೇಳಬೇಕು, ಏಕೆಂದರೆ ಅದನ್ನು ಹಿಡಿತದ ಅಳತೆಯೆಂದು ಓದುವವರು ಬಹಳ. ಅದು ಅಮೆರಿಕದ ನಿಯಮದಿಂದ ಬಂದ ಸವೆತದ ಅಂಕ; ಅಂಕ ಕಡಿಮೆಯಾದಷ್ಟೂ ಟೈರು ಬೇಗ ಸವೆಯುತ್ತದೆ. ಸಾರ್ವಜನಿಕ ರಸ್ತೆಯಲ್ಲಿ 7200 ಮೈಲಿ ಓಡಿಸಿ, 100 ಎಂದು ಗುರುತಿಸಿದ ಮಾದರಿ ಟೈರಿಗೆ ಹೋಲಿಸಿ ಅಂಕ ನಿರ್ಧರಿಸಲಾಗುತ್ತದೆ. ಅಂಕ ಕೊಡುವವರು ಟೈರ್ ತಯಾರಕರೇ. ಸ್ಪರ್ಧೆಗಳು 200ನ್ನು ಗಡಿಯಾಗಿ ಇಟ್ಟುಕೊಂಡ ಮೇಲೆ, ಆ ಗಡಿಯ ಮೇಲೆಯೇ ಕಾಲಿಟ್ಟು ನಿಲ್ಲುವಂಥ ಟೈರುಗಳು ಹುಟ್ಟಿಕೊಂಡವು. ಯೊಕೊಹಾಮಾದ ಎ052, ಬ್ರಿಡ್ಜ್‌ಸ್ಟೋನಿನ ಆರ್‌ಇ-71ಆರ್‌ಎಸ್ ಎರಡೂ 200ರವು. ಟೊಯೊ ಆರ್888ಆರ್‌ನ ಅಂಕ 100. ಕಾಗದದ ಮೇಲೆ ಆರ್888ಆರ್ ಹೆಚ್ಚು ಸ್ಪರ್ಧಾತ್ಮಕವಾಗಿ ಕಾಣುತ್ತದೆ; ಬಿಸಿ ಏರುವಷ್ಟು ಕೆಲಸ ಸಿಕ್ಕರೆ ಅದು ನಿಜವೂ ಹೌದು. ಚಿಕ್ಕ ಬೆಟ್ಟದಲ್ಲಿ, ಹಗುರ ಕಾರಿನಲ್ಲಿ, ಅಷ್ಟು ಕೆಲಸ ಸಿಗುವುದಿಲ್ಲ.

ಇದರ ಕಾರಣ ರಬ್ಬರಿನ ಸ್ವಭಾವದಲ್ಲಿದೆ. ಟೈರು ರಸ್ತೆಯನ್ನು ಹಿಡಿಯುವುದು ಎರಡು ಬಗೆಯಲ್ಲಿ: ಒಂದು, ಡಾಂಬರಿನ ಮೈಗೆ ಅಂಟಿಕೊಂಡು, ಇನ್ನೊಂದು, ಕಲ್ಲುಗಳ ಉಬ್ಬುತಗ್ಗಿನ ಮೇಲೆ ಅಮುಕಿ ತನ್ನ ಆಕಾರ ಬದಲಿಸಿ, ತಕ್ಷಣ ಮರಳದೆ, ಆ ಶಕ್ತಿಯನ್ನು ಶಾಖವಾಗಿ ಕಳೆದುಕೊಂಡು. ರಬ್ಬರು ತಣ್ಣಗಾದಷ್ಟೂ ಬಿರುಸಾಗುತ್ತದೆ, ಕಲ್ಲುಗಳ ಸಂದಿಗೆ ಇಳಿಯುವುದು ಕಡಿಮೆಯಾಗುತ್ತದೆ, ಎರಡೂ ಬಗೆಯ ಹಿಡಿತ ಒಟ್ಟಿಗೆ ಕುಗ್ಗುತ್ತವೆ. ಟ್ರ್ಯಾಕಿಗೆಂದು ಮಾಡಿದ ಮಿಶ್ರಣದ ಹದವಾದ ತಾಪಮಾನ ಮೇಲಿನ ಮಟ್ಟದಲ್ಲಿ ಇರುತ್ತದೆ; ರಸ್ತೆಯ ಕಡೆಗೆ ವಾಲಿದ ಮೃದು ಮಿಶ್ರಣ ಕೆಳಮಟ್ಟದಿಂದಲೇ ಕೆಲಸ ಆರಂಭಿಸುತ್ತದೆ, ಆದರೆ ನಾಲ್ಕೈದು ಸುತ್ತು ಬಿಡದೆ ಓಡಿಸಿದರೆ ಕಾದು ಜಾರತೊಡಗುತ್ತದೆ. ಸರ್ಕ್ಯೂಟಿನವರು ಎ052ರಂಥ ಟೈರಿನಲ್ಲಿ ಕಾಣುವ ಆ ಕುಂದು ಬೆಟ್ಟದಲ್ಲಿ ಪ್ರಕಟವಾಗಲು ಹೊತ್ತೇ ಸಿಗುವುದಿಲ್ಲ. ನಾನು ಅದೇ ಬಗೆಯನ್ನು ಆರಿಸಿದೆ. ಉದ್ದದ ಬೆಟ್ಟಗಳಲ್ಲಿ ಸ್ಪರ್ಧಿಸುವವರು ನನ್ನ ಆಯ್ಕೆಯನ್ನು ಅನುಸರಿಸಬೇಕಾಗಿಲ್ಲ.

ಅಳತೆಯ ವಿಷಯದಲ್ಲಿ ಹೆಚ್ಚು ದಿನ ಯೋಚಿಸಿದೆ. ಅಗಲವಾದ ಟೈರಿಗೆ ಹಿಡಿತ ಹೆಚ್ಚು ಎಂಬ ನಂಬಿಕೆಯಿಂದ 225/45 ಆರ್15ನ್ನು (225 ಮಿ.ಮೀ. ಅಗಲ, ಪಕ್ಕದ ಎತ್ತರ ಅಗಲದ ಶೇಕಡಾ 45, ರಿಮ್ಮಿನ ವ್ಯಾಸ 15 ಇಂಚು) ಹಾಕುವ ಆಸೆ ಇತ್ತು. ಆದರೆ ಅದಕ್ಕೆ ಕನಿಷ್ಠ 7 ಇಂಚಿನ ರಿಮ್ ಬೇಕು, ಚಕ್ರದ ತೂಕ ಏರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹೆಚ್ಚು ರಬ್ಬರಿನ ಮೇಲೆ ಅದೇ ಹಗುರ ಭಾರ ಹಂಚಿಹೋಗಿ ಟೈರು ಬಿಸಿಯಾಗುವುದು ಇನ್ನೂ ನಿಧಾನವಾಗುತ್ತದೆ. ಕೊನೆಗೆ 195 ಅಗಲದಲ್ಲಿಯೇ ಉಳಿದು, ಕಾರಿನ ಮೂಲ 195/55 ಆರ್15ರ ಬದಲಿಗೆ 195/50ನ್ನು ಆರಿಸಿದೆ. ಇದರಿಂದ ಟೈರಿನ ವ್ಯಾಸ 595 ಮಿ.ಮೀ.ನಿಂದ 576ಕ್ಕೆ ಇಳಿಯಿತು; ಅಂದರೆ ಗೇರುಗಳೆಲ್ಲವೂ ಶೇಕಡಾ 3ಕ್ಕಿಂತ ಸ್ವಲ್ಪ ಹೆಚ್ಚು ಗಿಡ್ಡವಾದವು, ಪ್ರತಿ ಗೇರಿನಲ್ಲೂ ಎಳೆತ ಅಷ್ಟು ಹೆಚ್ಚಿ ವೇಗದ ಮಿತಿ ಅಷ್ಟು ಇಳಿಯಿತು. ಗೇರ್‌ಬಾಕ್ಸ್ ಬಿಚ್ಚದೆ ಅಂತಿಮ ಅನುಪಾತ ಬದಲಿಸಿದಂತೆಯೇ ಇದು, ಏರುದಾರಿಯಲ್ಲಿ ನಿಂತಲ್ಲಿಂದ ಹೊರಡುವಾಗ ಅದರ ಲಾಭ ಸ್ಪಷ್ಟವಾಗಿ ಗೊತ್ತಾಗುತ್ತದೆ. ಆದರೆ ಎರಡನೇ ಗೇರಿನ ಮಿತಿ ಗಂಟೆಗೆ 92 ಕಿ.ಮೀ. ಇದ್ದದ್ದು 89ಕ್ಕೆ ಬಂತು. ಯಾವುದಾದರೂ ತಿರುವಿಗೆ 90ರಲ್ಲಿ ನುಗ್ಗಬೇಕಾಗಿದ್ದರೆ, ಬ್ರೇಕಿಗೆ ಮುಂಚೆ ಅರೆಕ್ಷಣಕ್ಕಾಗಿ ಮೂರನೇ ಗೇರಿಗೆ ಹೋಗಿ ಮರಳುವ ಪಾಡು ಬರುತ್ತದೆ, ಗಳಿಸಿದ್ದೆಲ್ಲ ಅಲ್ಲಿಯೇ ಹೋಗುತ್ತದೆ. ಆದ್ದರಿಂದ ಕಾರಿನೊಳಗಿನ ವಿಡಿಯೋವನ್ನು ನೋಡಿ ಪ್ರತಿ ತಿರುವಿನ ಮುಂಚಿನ ವೇಗವನ್ನು ಬರೆದಿಟ್ಟುಕೊಂಡೆ. ನಾನು ಹೆಚ್ಚಾಗಿ ಹೋಗುವ ಬೆಟ್ಟದಲ್ಲಿ ಆ ಗೇರು ಬದಲಾವಣೆ ನೇರ ದಾರಿಯ ಮಧ್ಯದಲ್ಲಿ ಬೀಳುತ್ತಿತ್ತು, ಹಾಗಾಗಿ ಧೈರ್ಯವಾಗಿ ಖರೀದಿಸಿದೆ. ಕಾರಿನ ತಳ ಸುಮಾರು ಒಂದು ಸೆಂಟಿಮೀಟರ್ ಕೆಳಗಿಳಿದದ್ದಕ್ಕೆ ತಕರಾರಿಲ್ಲ. ಸ್ಪೀಡೋಮೀಟರ್ ನಿಜಕ್ಕಿಂತ ತುಸು ಹೆಚ್ಚು ತೋರಿಸುತ್ತದೆ ಅಷ್ಟೆ.

ವ್ಯಾಸ ಇಳಿದರೆ ಭಾರ ಹೊರುವ ಶಕ್ತಿಯೂ ಇಳಿಯಬಹುದು ಎಂಬುದನ್ನು ಮರೆಯಬಾರದು. 195/50 ಆರ್15ರ ಪಕ್ಕದಲ್ಲಿ ಸಾಮಾನ್ಯವಾಗಿ 82ವಿ ಎಂದಿರುತ್ತದೆ: ಒಂದು ಟೈರಿಗೆ 475 ಕಿಲೋ, ಗಂಟೆಗೆ 240 ಕಿ.ಮೀ. ನನ್ನ ಕಾರಿಗೆ ಧಾರಾಳವಾಗಿ ಸಾಕು. ಭಾರವಾದ ಕಾರಿನವರು ಇಲ್ಲಿ ವಿಮೆಯ ಷರತ್ತನ್ನೂ ಓದಿಕೊಳ್ಳುವುದು ಒಳ್ಳೆಯದು.

ಗಾಳಿಯ ಒತ್ತಡದಲ್ಲಿಯೂ ಸರ್ಕ್ಯೂಟಿನ ರೂಢಿ ನಡೆಯುವುದಿಲ್ಲ. ಅಲ್ಲಿ ತಣ್ಣಗಿರುವಾಗ ಕಡಿಮೆ ಗಾಳಿ ತುಂಬಿ, ಓಡುತ್ತ ಓಡುತ್ತ ಒತ್ತಡ ಗುರಿಗೆ ಏರುವುದನ್ನು ಕಾಯುತ್ತಾರೆ. ನನ್ನ ಒಂದು ಏರಿಕೆಯಲ್ಲಿ ಒತ್ತಡ ಹೆಚ್ಚುವುದು ಒಂದೆರಡು ಪಿ.ಎಸ್.ಐ. ಮಾತ್ರ, ಆದ್ದರಿಂದ ಗುರಿಯ ಒತ್ತಡವನ್ನೇ ಹೊರಡುವ ಮುನ್ನ ಇಡಬೇಕಾಗುತ್ತದೆ. ಆ ಗುರಿಯನ್ನು ಕಂಡುಕೊಳ್ಳಲು ಬಳಸಿದ್ದು ಸೀಮೆಸುಣ್ಣ. ಟ್ರೆಡ್ಡಿನ (ರಸ್ತೆಗೆ ತಾಗುವ ಮೈಯ) ಅಂಚಿನಿಂದ ಪಕ್ಕಕ್ಕೆ ಅಡ್ಡಗೆರೆ ಎಳೆದು ಒಂದು ಸಲ ಏರಿ ಬಂದರೆ, ಟೈರು ಎಷ್ಟು ಮಡಚಿ ಓಡಿದೆ ಎಂಬುದು ಅಳಿಸಿಹೋದ ಗೆರೆಯಿಂದ ತಿಳಿಯುತ್ತದೆ. ಗೆರೆ ಪಕ್ಕದ ಮೇಲಿನ ಚಿಕ್ಕ ತ್ರಿಕೋನ ಗುರುತಿನ ಆಚೆಗೂ ಅಳಿಸಿದ್ದರೆ ಗಾಳಿ ಸಾಲದು; ಟ್ರೆಡ್ಡಿನ ಅಂಚಿನಲ್ಲಿಯೇ ಉಳಿದಿದ್ದರೆ ಹೆಚ್ಚಾಗಿದೆ. ಮುಂದಿನ ಚಕ್ರಗಳಿಗೆ 26 ಪಿ.ಎಸ್.ಐ. ಸುತ್ತಮುತ್ತ ನನಗೆ ಸರಿಹೋಯಿತು, ಆದರೆ ಬೇರೆ ಕಾರಿಗೆ ಈ ಸಂಖ್ಯೆ ಬರೀ ಆರಂಭದ ಅಂದಾಜು. ತಾಪಮಾನದ ಏರಿಳಿತ 10 ಡಿಗ್ರಿಯಾದರೆ ಒತ್ತಡ ಸುಮಾರು ಒಂದೂವರೆ ಪಿ.ಎಸ್.ಐ.ನಷ್ಟು ಬದಲಾಗುತ್ತದೆ. ಬೆಳಗಿನ ತಂಪಿನಲ್ಲಿ ಸರಿಮಾಡಿದ್ದು ಮಧ್ಯಾಹ್ನಕ್ಕೆ ಸರಿಯಿರುವುದಿಲ್ಲ. ಪ್ಯಾಡಕ್ಕಿನಲ್ಲಿ, ಅಂದರೆ ಸ್ಪರ್ಧೆಯ ಕಾರುಗಳು ಸರದಿಗೆ ಕಾದು ನಿಲ್ಲುವ ಜಾಗದಲ್ಲಿ, ಕಾರಿನ ಒಂದು ಮಗ್ಗುಲಿಗೆ ಮಾತ್ರ ಬಿಸಿಲು ಬೀಳುತ್ತಿದ್ದರೆ ಎಡ ಬಲಗಳ ನಡುವೆಯೂ ವ್ಯತ್ಯಾಸ ಬರುತ್ತದೆ. ಪ್ರತಿ ಏರಿಕೆಗೆ ಮುಂಚೆ ಗೇಜ್ ಹಿಡಿದು ನೋಡುವುದಕ್ಕೆ ಇಷ್ಟು ಕಾರಣ ಸಾಕು.

ಮುಂಚಕ್ರ ಚಾಲಿತ ಕಾರಿಗೆ ಇನ್ನೊಂದು ತೊಡಕಿದೆ. ಆರಂಭ ರೇಖೆಗೆ ಹೋಗುವ ಮುನ್ನ, ಅನುಮತಿ ಇರುವ ಜಾಗದಲ್ಲಿ, ಚಕ್ರಗಳನ್ನು ತುಸು ತಿರುಗಿಸಿ ಬಿಸಿ ಮಾಡಬಹುದು, ಆದರೆ ತಿರುಗುವುದು ಮುಂದಿನವು ಮಾತ್ರ. ಹಿಂದಿನವು ತಣ್ಣಗೆ ಉಳಿದಿರುವುದರಿಂದ ಮೊದಲ ವೇಗದ ತಿರುವಿನಲ್ಲಿ ಮೂತಿ ಚುರುಕಾಗಿ ಒಳಗೆ ಹೋಗುತ್ತದೆ, ಬಾಲ ಹೊರಗೆ ಬರಲು ನೋಡುತ್ತದೆ. ತಣ್ಣಗಿರುವಾಗಲೇ ಕೆಲಸ ಮಾಡುವ ಟೈರು ಬೇಕೆಂದು ನಾನು ಪಟ್ಟು ಹಿಡಿದದ್ದು ಮುಖ್ಯವಾಗಿ ಈ ಹಿಂದಿನ ಜೋಡಿಗಾಗಿ. ಮುಂದೆ ಒಂದು, ಹಿಂದೆ ಇನ್ನೊಂದು ಬಗೆಯ ಟೈರು ಹಾಕಿ ಸಮತೋಲ ಹುಡುಕುವವರಿದ್ದಾರೆ. ಒಣ ರಸ್ತೆಯಲ್ಲಿ ಸಿಕ್ಕ ಸಮತೋಲ ಮಳೆಯಲ್ಲಿ ತಿರುಗಿಬೀಳಬಹುದು ಎಂಬ ಕಾರಣಕ್ಕೆ ನಾನು ನಾಲ್ಕೂ ಒಂದೇ ಇರಲಿ ಎಂದುಕೊಂಡೆ. ಹೀಗೆ ಚಕ್ರ ತಿರುಗಿಸುವ ಬರ್ನ್‌ಔಟನ್ನು ಚಿಕ್ಕದಾಗಿಯೇ ಮಾಡುತ್ತೇನೆ. ಬಿಸಿಗಿಂತ ಶುಚಿ ಅದರ ದೊಡ್ಡ ಪ್ರಯೋಜನ: ಮೃದು ರಬ್ಬರು ಪ್ಯಾಡಕ್ಕಿನ ಜಲ್ಲಿಯನ್ನೆಲ್ಲ ಮೈಗೆ ಮೆತ್ತಿಕೊಂಡು ಬರುತ್ತದೆ. ಹಿಂದಿನ ಟೈರುಗಳನ್ನು ಕೈಯಿಂದಲೇ ಒರೆಸಬೇಕು.

ಮಳೆ ಬಂದಾಗ ಟ್ರೆಡ್ಡಿನ ಆಳ ಮಾತನಾಡತೊಡಗುತ್ತದೆ. ಯುರೋಪಿನ ಹಲವು ದೇಶಗಳಲ್ಲಿ ಕಾರಿಗೆ ಕಾನೂನಿನ ಕನಿಷ್ಠ ಆಳ 1.6 ಮಿ.ಮೀ.; ಸ್ವಲ್ಪವೇ ಕಾಲುವೆಗಳಿರುವ ಹೆಚ್ಚು ಹಿಡಿತದ ಟೈರು ಆ ಮಟ್ಟಕ್ಕೆ ಬಂದ ಮೇಲೆ ನಿಂತ ನೀರಿನ ಮೇಲೆ ತೇಲದೆ ಇರಲಾರದು. ಸ್ಪರ್ಧೆಯ ದಾರಿ ಇಳಿಜಾರಾದ್ದರಿಂದ ನೀರು ನಿಲ್ಲುವುದು ಕಡಿಮೆ, ಅಪಾಯವಿರುವುದು ಮನೆಗೆ ಮರಳುವ ಹೆದ್ದಾರಿಯಲ್ಲಿ. ಹೀಗಾಗಿ 3 ಮಿ.ಮೀ. ಆದ ಕೂಡಲೇ ಆ ಜೋಡಿಯನ್ನು ಒಣ ದಿನಗಳಿಗೆ ಮೀಸಲಿಡುತ್ತೇನೆ. ವಿಚಿತ್ರವೆಂದರೆ ಒಣ ದಾರಿಯಲ್ಲಿ ಅವು ಹೊಸದಕ್ಕಿಂತ ನಿಖರವಾಗಿ ತಿರುಗುತ್ತವೆ, ಏಕೆಂದರೆ ಎತ್ತರ ಕಡಿಮೆಯಾದ ಟ್ರೆಡ್ ಬಿಲ್ಲೆಗಳು ಭಾರ ಬಿದ್ದಾಗ ಬಾಗುವುದು ಕಡಿಮೆ.

ಆದರೆ ಆಳ ಉಳಿದಿದೆ ಎಂದು ಹಳೆಯ ಟೈರನ್ನು ನಂಬಲಾಗದು. ಪ್ರತಿ ಸಲ ಕಾದು ತಣಿದಾಗಲೂ ರಬ್ಬರು ಇನ್ನಷ್ಟು ಗಟ್ಟಿಯಾಗುತ್ತದೆ, ಬಿಸಿಲು ಮತ್ತು ಓಝೋನ್ ಅದನ್ನು ಒಣಗಿಸುತ್ತವೆ. ಋತು ಮುಗಿದ ಮೇಲೆ ಟೈರುಗಳನ್ನು ಬಿಚ್ಚಿ, ಕತ್ತಲೆಯ ಒಣ ಕೋಣೆಯಲ್ಲಿ, ಓಝೋನ್ ಹೊರಡಿಸುವ ಎಲೆಕ್ಟ್ರಿಕ್ ಮೋಟರುಗಳಿಂದ ದೂರ ಇಡುತ್ತೇನೆ. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಇಂಥ ಮಿಶ್ರಣಗಳು ಬಿರುಕು ಬಿಡುತ್ತವೆ ಎಂದು ತಯಾರಕರೇ ಎಚ್ಚರಿಸುತ್ತಾರೆ. ಗಡಸುತನ ಅಳೆಯುವ ಡ್ಯೂರೋಮೀಟರ್ ಅಗ್ಗದ ಸಾಧನ, ಆದರೆ ಪ್ರತಿ ಸಲವೂ ಅದೇ ತಾಪಮಾನದಲ್ಲಿ ಅಳೆದರೆ ಮಾತ್ರ ಅದರ ಸಂಖ್ಯೆಗೆ ಅರ್ಥ. ಹೊಸ ಟೈರು ಕೊಳ್ಳುವಾಗ ಪಕ್ಕದ ಮೇಲಿನ ನಾಲ್ಕು ಅಂಕೆಗಳ ತಾರೀಕನ್ನು ಮೊದಲು ಕೇಳುತ್ತೇನೆ. 3523 ಎಂದಿದ್ದರೆ 2023ರ 35ನೇ ವಾರ ತಯಾರಾದದ್ದು ಎಂದರ್ಥ. ರಿಯಾಯಿತಿಯಲ್ಲಿ ಸಿಗುವ ಟೈರುಗಳ ತಾರೀಕು ಆಗಾಗ ಹಳೆಯದಾಗಿರುತ್ತದೆ, ಆದ್ದರಿಂದ ಒಂದು ವರ್ಷಕ್ಕಿಂತ ಹಿಂದಿನದು ಬಂದರೆ ಹಿಂದಿರುಗಿಸುತ್ತೇನೆ ಎಂದು ಆರ್ಡರಿನಲ್ಲಿಯೇ ಬರೆದು ಕಳಿಸುತ್ತೇನೆ.