ಚರ್ಚಿನ ವಾರದ ಪ್ರಕಟಣೆ ಹಾಳೆ ಸಿದ್ಧಪಡಿಸುವುದು ಹೇಗೆ?

ಕರ್ನಾಟಕದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ದಕ್ಷಿಣ ಭಾರತ ಸಭೆ) ಸಭೆಗಳಲ್ಲಿ ಬೆಳೆದು ಅಮೆರಿಕಕ್ಕೆ ಹೋದವರಲ್ಲಿ ಕೆಲವರು ಅಲ್ಲಿನ ಎಪಿಸ್ಕೋಪಲ್ ಚರ್ಚಿಗೆ ಹೋಗುತ್ತಾರೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್‌ನಲ್ಲಿ ಉದ್ಘಾಟನೆಗೊಂಡ ದಕ್ಷಿಣ ಭಾರತ ಸಭೆಯಲ್ಲಿ ಕೂಡಿಕೊಂಡ ಪರಂಪರೆಗಳಲ್ಲಿ ಇಂಗ್ಲೆಂಡಿನ ಚರ್ಚಿನಿಂದ ಬಂದ ಆಂಗ್ಲಿಕನ್ ಪರಂಪರೆಯೂ ಒಂದು. ಎಪಿಸ್ಕೋಪಲ್ ಚರ್ಚು ಅದೇ ಪರಂಪರೆಯ ಅಮೆರಿಕನ್ ಕವಲು. ಹೀಗಾಗಿ ಆರಾಧನೆಯ ಕ್ರಮ ಹೊಸದೆನಿಸುವುದಿಲ್ಲ. ಹೊಸದೆನಿಸುವುದು ಆರಾಧನೆಯ ನಂತರದ ಕಾಫಿ ಹೊತ್ತು. ಅಲ್ಲಿ ಯಾರಾದರೂ ನಗುತ್ತಾ ಬಂದು, "ನಿಮಗೆ ಕಂಪ್ಯೂಟರ್ ಕೆಲಸ ಚೆನ್ನಾಗಿ ಬರುತ್ತದಲ್ಲವೇ?" ಎಂದು ಕೇಳಿದರೆ, ಮುಂದಿನ ವಾರದಿಂದ ಪ್ರಕಟಣೆ ಹಾಳೆ ನಿಮ್ಮ ಹೆಗಲಿಗೆ ಬಿತ್ತೆಂದೇ ತಿಳಿಯಿರಿ.

ವಾರದ ಸುದ್ದಿ, ಮುಂಬರುವ ಕಾರ್ಯಕ್ರಮ, ಪ್ರಾರ್ಥನೆಯ ಹೆಸರುಗಳು, ಹೂವಿನ ಸರದಿ ಎಲ್ಲವೂ ಇರುವ ಎರಡು ಅಥವಾ ನಾಲ್ಕು ಪುಟದ ಹಾಳೆ ಅದು. ಈಗ ಬಹುಪಾಲು ಕಡೆ ಅದೇ ಹಾಳೆ ಇಮೇಲ್‌ನಲ್ಲೂ ಹೋಗುತ್ತದೆ. ನೋಡಲು ಸಣ್ಣ ಕೆಲಸ. ಆದರೆ ಒಂದು ದಿನಾಂಕ ತಪ್ಪಿದರೆ ಬೀಗ ಹಾಕಿದ ಸಭಾಂಗಣದ ಮುಂದೆ ಇಪ್ಪತ್ತು ಜನ ಅಡುಗೆ ಪಾತ್ರೆ ಹಿಡಿದು ನಿಲ್ಲುತ್ತಾರೆ.

ಯಾರಿಗಾಗಿ ಬರೆಯುತ್ತೀರಿ?

ಇದನ್ನು ಮೊದಲು ತೀರ್ಮಾನಿಸಿಕೊಳ್ಳಿ. ಮೂವತ್ತು ವರ್ಷದಿಂದ ಅದೇ ಬೆಂಚಿನಲ್ಲಿ ಕೂರುವ ಹಿರಿಯರಿಗೆ ಈ ಹಾಳೆಯ ಅಗತ್ಯ ಅಷ್ಟಾಗಿ ಇಲ್ಲ, ಅವರಿಗೆ ಎಲ್ಲವೂ ಮೊದಲೇ ಗೊತ್ತಿರುತ್ತದೆ. ಅಂದು ಮೊದಲ ಸಲ ಒಳಗೆ ಬಂದು ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಬೇಕು. ಅವರನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದರೆ ಅರ್ಧ ತಪ್ಪುಗಳು ತಾನಾಗಿಯೇ ಬಿದ್ದುಹೋಗುತ್ತವೆ. "ಎಂದಿನ ಜಾಗದಲ್ಲಿ, ಎಂದಿನ ಹೊತ್ತಿಗೆ" ಎಂಬ ಮಾತು ಹಾಳೆಯಲ್ಲಿ ಎಲ್ಲೂ ಇರಬಾರದು. "ವಿವರಗಳಿಗೆ ಸೂಸನ್ ಅವರನ್ನು ಕಾಣಿರಿ" ಎಂಬುದಂತೂ ಬೇಡವೇ ಬೇಡ. ಹೊಸಬರಿಗೆ ಆ ಸೂಸನ್ ಯಾರೆಂದು ಹೇಗೆ ತಿಳಿಯಬೇಕು?

ಸಂಕ್ಷೇಪಾಕ್ಷರಗಳದ್ದೂ ಇದೇ ಪಾಡು. ಎಪಿಸ್ಕೋಪಲ್ ಸಭೆಗಳಿಗೆ ಇವುಗಳ ಮೇಲೆ ವಿಪರೀತ ಮೋಹ. "ಯುಟಿಓ ಸಂಗ್ರಹ ಮುಂದಿನ ಭಾನುವಾರ" ಎಂದು ಬರೆದರೆ ಹೊಸಬರಿಗೆ ಏನೂ ತಿಳಿಯದು. "ಯುನೈಟೆಡ್ ಥ್ಯಾಂಕ್ ಆಫರಿಂಗ್: ದಿನದ ಸಣ್ಣಪುಟ್ಟ ಸಂತೋಷಗಳಿಗೆ ಕೃತಜ್ಞತೆಯಾಗಿ ನೀಲಿ ಡಬ್ಬಿಯಲ್ಲಿ ಹಾಕಿಟ್ಟ ನಾಣ್ಯಗಳನ್ನು ಮುಂದಿನ ಭಾನುವಾರ ತನ್ನಿ" ಎಂದರೆ ಮಕ್ಕಳೂ ಒಂದು ಡಬ್ಬಿ ಕೇಳಿ ಪಡೆಯುತ್ತಾರೆ.

ಕ್ಯಾಲೆಂಡರ್ ಬಿಡಿಸಿ ಕೂರಿ

ಸುದ್ದಿ ಸಂಗ್ರಹಕ್ಕೆ ಮುಂಚೆ ಇಡೀ ವರ್ಷದ ಕ್ಯಾಲೆಂಡರನ್ನು ಒಮ್ಮೆ ಬರೆದಿಟ್ಟುಕೊಳ್ಳಬೇಕು. ಚರ್ಚಿನ ವರ್ಷ ಜನವರಿಯಲ್ಲಿ ಶುರುವಾಗುವುದಿಲ್ಲ. ಕ್ರಿಸ್‌ಮಸ್‌ಗೆ ಹಿಂದಿನ ನಾಲ್ಕನೆಯ ಭಾನುವಾರ, ಅಂದರೆ ಆಗಮನ ಕಾಲದ ಮೊದಲ ಭಾನುವಾರ ಶುರುವಾಗುತ್ತದೆ. 2026ರಲ್ಲಿ ಅದು ನವೆಂಬರ್ 29. ಅಂದಿನಿಂದ ಸತ್ಯವೇದ ಪಾಠಗಳ ಮೂರು ವರ್ಷದ ಸುತ್ತಿನಲ್ಲಿ ಎರಡನೆಯದಾದ ಬಿ ವರ್ಷ ಆರಂಭವಾಗುತ್ತದೆ. ಪಾಠ ಓದುವವರ ಸರದಿ ಪಟ್ಟಿ ಹಾಕುವಾಗ ಇದು ನೆನಪಿರಲಿ. ಹಳೆಯ ವರ್ಷದ ಪಾಠಗಳನ್ನೇ ನಕಲು ಮಾಡಿ ಅಂಟಿಸುವ ತಪ್ಪು ಆಗುವುದು ಹೆಚ್ಚಾಗಿ ಈ ತಿರುವಿನಲ್ಲೇ.

ಆಮೇಲೆ ಈಸ್ಟರ್. ನಮ್ಮ ಪಂಚಾಂಗದ ಹಬ್ಬಗಳ ಹಾಗೆ ಇದೂ ಚಂದ್ರನನ್ನು ನೋಡಿಯೇ ಬರುವುದು: ಮಾರ್ಚ್ 21ರಂದು ಅಥವಾ ಆ ನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರ. ಹಾಗಾಗಿ ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಯಾವಾಗ ಬೇಕಾದರೂ ಬರಬಹುದು. ಲೆಕ್ಕ ಹಾಕುವ ಕಷ್ಟ ಬೇಡ, ಎಪಿಸ್ಕೋಪಲ್ ಚರ್ಚಿನ 1979ರ ಪ್ರಾರ್ಥನಾ ಪುಸ್ತಕದ ಕೊನೆಯ ಭಾಗದಲ್ಲಿ 2089ರವರೆಗಿನ ದಿನಾಂಕಗಳ ಪಟ್ಟಿಯೇ ಇದೆ. 2027ರ ಈಸ್ಟರ್ ಮಾರ್ಚ್ 28ಕ್ಕೆ, ಸಾಕಷ್ಟು ಬೇಗ. ಅದಕ್ಕೆ ತಕ್ಕಂತೆ, ಲೆಂಟ್ ಎಂಬ ಉಪವಾಸ ಕಾಲ ಶುರುವಾಗುವ ಬೂದಿ ಬುಧವಾರ ಫೆಬ್ರವರಿ 10ಕ್ಕೆ, ಪವಿತ್ರಾತ್ಮನ ಹಬ್ಬವಾದ ಪೆಂಟೆಕೋಸ್ಟ್ ಮೇ 16ಕ್ಕೆ. ಕ್ರಿಸ್‌ಮಸ್ ಅಲಂಕಾರದ ಡಬ್ಬಿಗಳನ್ನು ಅಟ್ಟಕ್ಕೇರಿಸಿ ದಣಿವಾರಿಸಿಕೊಳ್ಳುವಷ್ಟರಲ್ಲೇ ಲೆಂಟ್ ಬಂದಿರುತ್ತದೆ. ಬೂದಿಯನ್ನು ಹಿಂದಿನ ವರ್ಷದ ಗರಿಗಳ ಭಾನುವಾರ (ಈಸ್ಟರ್‌ಗೆ ಹಿಂದಿನ ಭಾನುವಾರ) ಹಂಚಿದ ತಾಳೆಗರಿಗಳನ್ನು ಸುಟ್ಟು ಮಾಡುವ ರೂಢಿ ಹಲವು ಸಭೆಗಳಲ್ಲಿದೆ. ಅಂಥ ಕಡೆ "ಮನೆಯಲ್ಲಿ ಶಿಲುಬೆಯ ಹಿಂದೆ ಸಿಕ್ಕಿಸಿಟ್ಟ ಒಣ ಗರಿಗಳನ್ನು ತನ್ನಿ" ಎಂಬ ಪ್ರಕಟಣೆ ಜನವರಿಯಲ್ಲೇ ಹೋಗಬೇಕು.

ಬೇಗ ಬರುವ ಈಸ್ಟರ್ ಇನ್ನೊಂದು ತೊಡಕು ತರುತ್ತದೆ. ಮಾರ್ಚ್ 25 ಮರಿಯಳಿಗೆ ದೇವದೂತನು ಶುಭವಾರ್ತೆ ತಿಳಿಸಿದ ದಿನ. 2027ರಲ್ಲಿ ಅದು ಪವಿತ್ರ ವಾರದ ಗುರುವಾರಕ್ಕೆ ಬಂದು ಬೀಳುತ್ತದೆ. ಪ್ರಾರ್ಥನಾ ಪುಸ್ತಕದ ನಿಯಮದಂತೆ ಆ ಹಬ್ಬ ಈಸ್ಟರ್‌ನ ಎರಡನೆಯ ಭಾನುವಾರದ ಮುಂದಿನ ವಾರಕ್ಕೆ ಸರಿಯುತ್ತದೆ. ಮೊಬೈಲಿನ ಕ್ಯಾಲೆಂಡರಿಗೆ ಇದು ಗೊತ್ತಿರುವುದಿಲ್ಲ.

ಹಿಂದಕ್ಕೆ ಎಣಿಸಿ

ಕ್ಯಾಲೆಂಡರ್ ಸಿದ್ಧವಾದ ಮೇಲೆ ಪ್ರತಿ ಕಾರ್ಯಕ್ರಮದಿಂದಲೂ ಹಿಂದಕ್ಕೆ ಎಣಿಸಿ, ಮೊದಲ ಪ್ರಕಟಣೆ ಯಾವ ವಾರ ಹೋಗಬೇಕೆಂದು ಗುರುತಿಸಿ. ಕೆಲವಕ್ಕೆ ಚರ್ಚಿನ ನಿಯಮವೇ ಗಡುವು ಹಾಕಿದೆ. ಮದುವೆಯಾಗುವವರು ಕನಿಷ್ಠ ಮೂವತ್ತು ದಿನ ಮೊದಲೇ ತಿಳಿಸಬೇಕು. ದೀಕ್ಷಾಸ್ನಾನ ಪಡೆದವರು ತಮ್ಮ ವಿಶ್ವಾಸವನ್ನು ಸ್ವತಃ ಒಪ್ಪಿಕೊಳ್ಳುವ ದೃಢೀಕರಣವನ್ನು ಬಿಷಪ್ ಮಾತ್ರ ಮಾಡಬಲ್ಲರು. ಅವರು ಪ್ರತಿ ಸಭೆಗೂ ಮೂರು ವರ್ಷಕ್ಕೊಮ್ಮೆಯಾದರೂ ಬರಬೇಕೆಂಬುದು ನಿಯಮ. ಬರುವ ದಿನ ಗೊತ್ತಾದ ಕೂಡಲೇ ದೃಢೀಕರಣದ ತರಗತಿಗಳ ಪ್ರಕಟಣೆ ಹೊರಡಬೇಕು. ದೀಕ್ಷಾಸ್ನಾನಕ್ಕೆ ಪ್ರಾರ್ಥನಾ ಪುಸ್ತಕ ವಿಶೇಷವಾಗಿ ಸೂಚಿಸುವ ದಿನಗಳು ಈಸ್ಟರ್ ಜಾಗರಣೆ, ಪೆಂಟೆಕೋಸ್ಟ್, ಸಕಲ ಸಂತರ ದಿನ ಅಥವಾ ಅದರ ಮುಂದಿನ ಭಾನುವಾರ, ಮತ್ತು ಕರ್ತನ ದೀಕ್ಷಾಸ್ನಾನದ ಭಾನುವಾರ. ಬಿಷಪ್ ಬಂದ ದಿನವೂ ಆಗಬಹುದು. ಊರಿನಿಂದ ಅಜ್ಜ ಅಜ್ಜಿ ವೀಸಾ ಪಡೆದು ಬರಬೇಕಾದ ಕುಟುಂಬಗಳಿಗೆ ಈ ದಿನಗಳನ್ನು ಆರು ತಿಂಗಳು ಮೊದಲೇ ತಿಳಿಸಿದರೂ ಹೆಚ್ಚಾಗದು.

ಉಳಿದವಕ್ಕೆಲ್ಲ ವಾರದ ಗಡುವು ಸಾಕು. ಬುಧವಾರ ಮಧ್ಯಾಹ್ನ ಎಂದು ಇಟ್ಟುಕೊಂಡರೆ ಗುರುವಾರ ತಿದ್ದಿ, ಶುಕ್ರವಾರ ಮುದ್ರಿಸಬಹುದು. ಗಡುವು ಮೀರಿ ಬಂದದ್ದನ್ನು ಮುಂದಿನ ವಾರಕ್ಕೆ ತಳ್ಳಿ. ಸಾವಿನ ಸುದ್ದಿಗೂ ಹಿಮಬಿರುಗಾಳಿಯಿಂದ ಆರಾಧನೆ ರದ್ದಾದ ಸುದ್ದಿಗೂ ಮಾತ್ರ ವಿನಾಯಿತಿ. ಮೊದಮೊದಲು ಸಮಿತಿಗಳು ಮುನಿಸಿಕೊಳ್ಳುತ್ತವೆ. ಬಗ್ಗಬೇಡಿ.

ಒಂದು ಭಾನುವಾರದ ಉದಾಹರಣೆ

2026ರ ನವೆಂಬರ್ 1ನ್ನು ತೆಗೆದುಕೊಳ್ಳಿ. ಕನ್ನಡಿಗರಿಗೆ ರಾಜ್ಯೋತ್ಸವ, ಚರ್ಚಿಗೆ ಸಕಲ ಸಂತರ ದಿನ, ಅದೂ ನೇರವಾಗಿ ಭಾನುವಾರವೇ. ದೀಕ್ಷಾಸ್ನಾನಕ್ಕೆ ಸೂಚಿತವಾದ ದಿನವೂ ಹೌದು. ಆ ವರ್ಷ ತೀರಿಕೊಂಡವರ ಹೆಸರುಗಳನ್ನು ಹಲವು ಸಭೆಗಳು ಈ ಹೊತ್ತಿನಲ್ಲೇ ಓದುತ್ತವೆ. ಮರುದಿನ ಅಗಲಿದವರೆಲ್ಲರ ಸ್ಮರಣೆಯ ದಿನ. ಮುಂದಿನ ವರ್ಷದ ಕಾಣಿಕೆಯ ವಾಗ್ದಾನ ಪತ್ರಗಳನ್ನು ಸಂಗ್ರಹಿಸುವ ಕಾಲವೂ ಸಾಮಾನ್ಯವಾಗಿ ಇದೇ.

ಇಷ್ಟು ಸಾಲದೆಂಬಂತೆ ಅಂದು ಬೆಳಗಿನ ಜಾವ 2 ಗಂಟೆಗೆ ಅಮೆರಿಕದ ಬಹುತೇಕ ಕಡೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಮರೆತವರು ಒಂದು ಗಂಟೆ ಬೇಗ ಬಂದು ಕಾರಿನಲ್ಲಿ ಕಾಯುತ್ತಾರೆ, ಅದರಿಂದ ನಷ್ಟವೇನಿಲ್ಲ. ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರ ಮುಂದಕ್ಕೆ ಹೋಗುವಾಗ ಮರೆತವರು ಬರುವುದು ಆಶೀರ್ವಾದದ ಹೊತ್ತಿಗೆ. ಎರಡೂ ಸಲ ಹಿಂದಿನ ಭಾನುವಾರದ ಹಾಳೆಯಲ್ಲೂ ಶನಿವಾರದ ಇಮೇಲ್‌ನಲ್ಲೂ ಇದು ಎಲ್ಲಕ್ಕಿಂತ ಮೇಲಿನ ಸಾಲಾಗಿರಲಿ.

ಅದೇ ವಾರದ ಮಂಗಳವಾರ, ನವೆಂಬರ್ 3, ದೇಶದಲ್ಲಿ ಚುನಾವಣೆ. ನಿಮ್ಮ ಸಭಾಂಗಣ ಮತಗಟ್ಟೆಯಾಗಿದ್ದರೆ ಅಂದಿನ ಗಾಯಕವೃಂದದ ಅಭ್ಯಾಸ, ನೆಲಮಾಳಿಗೆಯಲ್ಲಿ ನಡೆಯುವ ಮದ್ಯವ್ಯಸನಮುಕ್ತರ ಕೂಟ ಎಲ್ಲವೂ ಬೇರೆಡೆಗೆ ಹೋಗಬೇಕು. ಯಾವುದು ಎಲ್ಲಿಗೆ ಎಂಬುದನ್ನು ಒಂದೇ ಚೌಕದಲ್ಲಿ ಕೊಡಿ. ಮತಗಟ್ಟೆಯ ಸಮಯವನ್ನು ಮುದ್ರಿಸಬಹುದು. ಅಭ್ಯರ್ಥಿಗಳ ಹೆಸರು ಮಾತ್ರ ಹೊಗಳಿಕೆಯಾಗಿಯೂ ತೆಗಳಿಕೆಯಾಗಿಯೂ ಹಾಳೆಯೊಳಗೆ ಬರಬಾರದು.

ಇಷ್ಟೊಂದನ್ನು ಒಂದೇ ಪುಟದಲ್ಲಿ ತುರುಕಿದರೆ ಯಾರೂ ಓದುವುದಿಲ್ಲ. ತೀರಿಕೊಂಡವರ ಹೆಸರು ಕಳಿಸುವ ಕೊನೆಯ ದಿನವನ್ನು ಅಕ್ಟೋಬರ್ ಮೊದಲ ವಾರದಿಂದಲೇ ಹಾಕಿ. ಹೆಸರಿನ ಜೊತೆಗೆ ಉಚ್ಚಾರಣೆಯನ್ನೂ ಬರೆಸಿಕೊಳ್ಳಿ. ತಿಮ್ಮಪ್ಪನವರ ಹೆಸರನ್ನು ಅಮೆರಿಕದ ಓದುಗರು ಹೇಗೆ ಓದಿಯಾರೆಂಬುದನ್ನು ಆ ಮನೆಯವರು ಅಂದೇ, ಕಣ್ಣೀರಿನ ನಡುವೆ, ಕೇಳಿಸಿಕೊಳ್ಳುವಂತಾಗಬಾರದು.

ಒಂದು ಪ್ರಕಟಣೆಯಲ್ಲಿ ಏನೇನಿರಬೇಕು?

"ಶ್ರೋವ್ ಮಂಗಳವಾರದ ಪ್ಯಾನ್‌ಕೇಕ್ ಊಟಕ್ಕೆ ಎಲ್ಲರೂ ತಪ್ಪದೇ ಬನ್ನಿ!" ಎಂಬ ಸಾಲಿನಲ್ಲಿ ಉತ್ಸಾಹವೊಂದೇ ಇದೆ. ಇದನ್ನು ಹೀಗೆ ಬರೆಯಬಹುದು: "ಫೆಬ್ರವರಿ 9, ಮಂಗಳವಾರ, ಸಂಜೆ 5.30ರಿಂದ 7. ಚರ್ಚಿನ ಹಿಂಭಾಗದ ಸಭಾಂಗಣ, ವಾಹನ ನಿಲ್ಲಿಸುವ ಕಡೆಯ ಬಾಗಿಲಿನಿಂದ ಒಳಬನ್ನಿ, ಮೆಟ್ಟಿಲಿಲ್ಲ. ಲೆಂಟ್ ಶುರುವಾಗುವ ಮುನ್ನ ಮನೆಯಲ್ಲಿರುವ ಮೊಟ್ಟೆ, ಬೆಣ್ಣೆ, ಹಾಲನ್ನು ಖರ್ಚು ಮಾಡುವ ಹಳೆಯ ರೂಢಿಯಿಂದ ಬಂದ ಊಟ ಇದು. ಉಚಿತ. ಮೊಟ್ಟೆ ತಿನ್ನದವರಿಗೆ ಬೇರೆ ಹಿಟ್ಟು ಇದೆ. ಬಡಿಸಲು ನಾಲ್ಕು ಜನ ಬೇಕು, ಬಾಗಿಲ ಬಳಿಯ ಹಾಳೆಯಲ್ಲಿ ಹೆಸರು ಬರೆಯಿರಿ." ಉದ್ದವಾಯಿತು, ನಿಜ. ಆದರೆ ಇದನ್ನು ಓದಿದವರು ಮತ್ತೆ ಯಾರಿಗೂ ಫೋನ್ ಮಾಡಬೇಕಾಗಿಲ್ಲ.

ಭಾರತದಲ್ಲಿ ಓದಿದವರಿಗೆ ಒಂದು ವಿಶೇಷ ಎಚ್ಚರಿಕೆ. ಅಮೆರಿಕದಲ್ಲಿ 11/1 ಎಂದರೆ ನವೆಂಬರ್ 1, ಜನವರಿ 11 ಅಲ್ಲ. ಅಂಕಿಗಳ ಸಹವಾಸವೇ ಬೇಡ, ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದು ಪಕ್ಕದಲ್ಲಿ ವಾರವನ್ನೂ ಹಾಕಿ. ವಾರ, ದಿನಾಂಕ ಒಂದಕ್ಕೊಂದು ಹೊಂದದಿದ್ದರೆ ತಪ್ಪು ನಿಮ್ಮ ಕಣ್ಣಿಗೇ ಮೊದಲು ಬೀಳುತ್ತದೆ.

ಗುರುಗಳ ಹೆಸರನ್ನು ಹೇಗೆ ಮುದ್ರಿಸಬೇಕೆಂದು ಅವರನ್ನೇ ಕೇಳಿ. ಎಪಿಸ್ಕೋಪಲ್ ಚರ್ಚು ಮಹಿಳೆಯರ ಗುರುದೀಕ್ಷೆಗೆ 1976ರಲ್ಲಿ ಒಪ್ಪಿಗೆ ನೀಡಿತು. ಗುರುಗಳಾದ ಮಹಿಳೆಯರಲ್ಲಿ ಕೆಲವರು ಮದರ್ ಎಂದು ಕರೆಸಿಕೊಳ್ಳುತ್ತಾರೆ, ಕೆಲವರಿಗೆ ಬರೀ ಹೆಸರೇ ಇಷ್ಟ. ಇನ್ನೊಂದು ವ್ಯತ್ಯಾಸವೂ ತಿಳಿದಿರಲಿ. ಸಿಎಸ್‌ಐನಲ್ಲಿ ಸಭಾಪಾಲಕರನ್ನು ಡಯಾಸಿಸ್, ಅಂದರೆ ಬಿಷಪ್ಪರ ಪ್ರಾಂತ, ವರ್ಗ ಮಾಡುತ್ತದೆ. ಎಪಿಸ್ಕೋಪಲ್ ಚರ್ಚಿನಲ್ಲಿ ರೆಕ್ಟರನ್ನು, ಅಂದರೆ ಸಭೆಯ ಮುಖ್ಯ ಗುರುವನ್ನು, ಆರಿಸುವುದು ವೆಸ್ಟ್ರಿ ಎಂಬ ಸಭೆಯ ಆಡಳಿತ ಮಂಡಳಿ. ಹುಡುಕಾಟ ತಿಂಗಳುಗಟ್ಟಲೆ ನಡೆಯುತ್ತದೆ, ಗಾಳಿಸುದ್ದಿಗಳಿಗೆ ಕೊರತೆಯಿರುವುದಿಲ್ಲ. ವೆಸ್ಟ್ರಿಯ ಮುಂದಾಳಾದ ವಾರ್ಡನ್ ಬರೆದುಕೊಟ್ಟ ಸಾಲುಗಳಷ್ಟೇ ಹಾಳೆಗೆ ಹೋಗಲಿ.

ಪ್ರಾರ್ಥನೆಯ ಪಟ್ಟಿ

ಹಾಳೆಯಲ್ಲಿ ಅತಿ ಸೂಕ್ಷ್ಮವಾದ ಭಾಗ ಇದು. ಕಾಯಿಲೆಯವರಿಗಾಗಿ ಪ್ರಾರ್ಥಿಸಬೇಕೆಂಬ ಪ್ರೀತಿಯಲ್ಲಿ ಜನ ಎಲ್ಲವನ್ನೂ ಬರೆದು ಕಳಿಸುತ್ತಾರೆ: ಯಾವ ಆಸ್ಪತ್ರೆ, ಯಾವ ಶಸ್ತ್ರಚಿಕಿತ್ಸೆ, ವೈದ್ಯರು ಏನೆಂದರು. ಅದನ್ನು ಹಾಗೆಯೇ ಮುದ್ರಿಸಿದರೆ ರೋಗಿ ಇನ್ನೂ ತನ್ನ ಕಚೇರಿಯಲ್ಲಿ ಹೇಳಿರದ ಸಂಗತಿ ಇಮೇಲ್‌ನಲ್ಲಿ ಊರೆಲ್ಲ ಸುತ್ತುತ್ತದೆ. ಸಂಬಂಧಪಟ್ಟವರ ಒಪ್ಪಿಗೆ ಇಲ್ಲದೆ ಹೆಸರು ಬೇಡ. ಒಪ್ಪಿಗೆ ಇದ್ದರೂ ಮೊದಲ ಹೆಸರು ಮಾತ್ರ, ಕಾಯಿಲೆಯ ಹೆಸರು ಇಲ್ಲ. ತಿಂಗಳಿಗೊಮ್ಮೆ ಪಟ್ಟಿ ಖಾಲಿ ಮಾಡಿ ಹೊಸದಾಗಿ ಕೇಳಿ ತುಂಬಿಸಿ. ಗುಣವಾಗಿ ಗಾಯಕವೃಂದದಲ್ಲಿ ಹಾಡುತ್ತಾ ನಿಂತವರ ಹೆಸರು ಪಟ್ಟಿಯಲ್ಲೇ ಉಳಿದಿರುವುದು ಅಪರೂಪವೇನಲ್ಲ.

"ಇಡೀ ಕುಟುಂಬ ಎರಡು ವಾರ ಭಾರತ ಪ್ರವಾಸದಲ್ಲಿದೆ, ಸುಖಪ್ರಯಾಣಕ್ಕಾಗಿ ಪ್ರಾರ್ಥಿಸಿ" ಎಂಬುದನ್ನೂ ಮುದ್ರಿಸಬೇಡಿ. ಮನೆ ಖಾಲಿ ಇದೆಯೆಂದು ಸಾರಿದಂತಾಗುತ್ತದೆ. ಮಕ್ಕಳ ಫೋಟೋಗೆ ಹೆತ್ತವರ ಲಿಖಿತ ಒಪ್ಪಿಗೆ ಬೇಕು. ರೆಕ್ಟರ್ ಹೆಸರಿನಲ್ಲಿ ಗಿಫ್ಟ್ ಕಾರ್ಡ್ ಕೇಳುವ ನಕಲಿ ಇಮೇಲ್‌ಗಳ ಹಾವಳಿಯೂ ಇದೆ. "ಗುರುಗಳು ಎಂದೂ ಇಮೇಲ್‌ನಲ್ಲಿ ಹಣ, ಗಿಫ್ಟ್ ಕಾರ್ಡ್ ಕೇಳುವುದಿಲ್ಲ" ಎಂಬ ಸಾಲು ಹಾಳೆಯ ತಳದಲ್ಲಿ ಕಾಯಂ ಇರಲಿ.

ಬಾಯಿಮಾತಿನ ಪ್ರಕಟಣೆ

ಅಗತ್ಯ ಪ್ರಕಟಣೆಗಳನ್ನು ಆರಾಧನೆಗೆ ಮುಂಚೆ, ವಿಶ್ವಾಸಪ್ರಮಾಣದ ನಂತರ, ಕಾಣಿಕೆಗೆ ಮುಂಚೆ ಅಥವಾ ಕೊನೆಯಲ್ಲಿ ಮಾಡಬಹುದೆಂದು ಪ್ರಾರ್ಥನಾ ಪುಸ್ತಕ ಹೇಳುತ್ತದೆ. "ಅಗತ್ಯ" ಎಂಬಲ್ಲಿಗೆ ಹಲವರ ಕಣ್ಣು ಹೋಗುವುದಿಲ್ಲ. ಹಾಳೆಯಲ್ಲಿರುವುದನ್ನೇ ಇನ್ನೊಮ್ಮೆ ಗಟ್ಟಿಯಾಗಿ ಓದುವುದು ಅಗತ್ಯವಲ್ಲ. ಅಂದೇ ಮಾಡಬೇಕಾದ ಕೆಲಸ, ಅಂದೇ ಬದಲಾದ ಸಮಯ, ಹೀಗೆ ಎರಡು ಮೂರು ವಿಷಯ ಸಾಕು. ಓದುವವರ ಕೈಗೆ ಅವನ್ನಷ್ಟೇ ಒಂದು ಚೀಟಿಯಲ್ಲಿ ಬರೆದುಕೊಡಿ. ಮೈಕ್ ಅನ್ನು ಬೆಂಚಿನಿಂದ ಬೆಂಚಿಗೆ ದಾಟಿಸಲು ಬಿಟ್ಟರೆ ಧರ್ಮೋಪದೇಶಕ್ಕಿಂತ ಪ್ರಕಟಣೆಯೇ ಉದ್ದವಾಗುತ್ತದೆ.

ಮುದ್ರಣಕ್ಕೆ ಮುನ್ನ

ಬೇರೊಬ್ಬರಿಂದ ಒಮ್ಮೆ ಓದಿಸಿ, ಫೋನ್ ಸಂಖ್ಯೆಗಳಿಗೆ ಕರೆ ಮಾಡಿ ನೋಡಿ. ಪ್ರಾರ್ಥನಾ ಪುಸ್ತಕಕ್ಕೆ ಹಕ್ಕುಸ್ವಾಮ್ಯವಿಲ್ಲ, ಎಷ್ಟು ಬೇಕಾದರೂ ಮುದ್ರಿಸಬಹುದು. ಹಾಡುಗಳ ಕತೆ ಬೇರೆ, ಹಲವಕ್ಕೆ ಅನುಮತಿ ಪಡೆದು ಅದರ ಸಂಖ್ಯೆಯನ್ನು ಕೆಳಗೆ ಹಾಕಬೇಕು. ಕೆಲವು ಪ್ರತಿಗಳು ದೊಡ್ಡ ಅಕ್ಷರದಲ್ಲಿರಲಿ.

ಪ್ರತಿ ವಾರದ ಒಂದು ಪ್ರತಿಗೆ ಆರಾಧನೆಯ ಹಾಜರಿ ಸಂಖ್ಯೆ ಬರೆದು ಕಡತಕ್ಕೆ ಸೇರಿಸಿ. ಸಭೆಯ ವಾರ್ಷಿಕ ವರದಿಯನ್ನು ಮಾರ್ಚ್ 1ರೊಳಗೆ ಕಳಿಸಬೇಕು, ಸರಾಸರಿ ಹಾಜರಿಯನ್ನು ಲೆಕ್ಕ ಹಾಕುವವರು ಆಗ ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ. ಇಮೇಲ್ ಖಾತೆಯ ಪಾಸ್‌ವರ್ಡ್ ನಿಮ್ಮೊಬ್ಬರಲ್ಲೇ ಇರಬಾರದು. ರಜೆಗೆ ಊರಿಗೆ ಹೊರಡುವ ಮುನ್ನ ವಾರ್ಡನ್‌ಗೆ ಅದನ್ನು ಕೊಟ್ಟು, ನೀವಿಲ್ಲದ ಭಾನುವಾರಗಳ ಖಾಲಿ ಮಾದರಿಗಳನ್ನು ದಿನಾಂಕ ಹಾಕಿ ಸಿದ್ಧವಾಗಿಟ್ಟು ಹೋಗಿ.