ಕಸ ತುಂಬಿದ ಜಾಗಕ್ಕೆ ಮೆಟಲ್ ಡಿಟೆಕ್ಟರ್: ನಾನು ಆರಿಸಿದ್ದು ಹೀಗೆ

ಡಿಟೆಕ್ಟರ್ ತೆಗೆದುಕೊಳ್ಳುತ್ತೇನೆ ಅಂದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಆಳದವರೆಗೆ ಹಿಡಿಯುತ್ತದೆ? ನಾನು ಹುಡುಕುವ ಜಾಗಕ್ಕೆ ಆ ಪ್ರಶ್ನೆಯೇ ಬೇಡ. ಕುಂಬಳೆಯಿಂದ ಸ್ವಲ್ಪ ಒಳಗೆ ನಮ್ಮ ಮಾವನವರ ತೆಂಗಿನ ತೋಟ ಇದೆ. ಅದರ ರಸ್ತೆ ಬದಿಯ ಮೂಲೆಯಲ್ಲಿ ಹಿಂದೆ ಸಂತೆ ಸೇರುತ್ತಿತ್ತಂತೆ. ಆಮೇಲೆ ಅಲ್ಲೇ ಬಯಲಾಟ, ವಾಲಿಬಾಲ್ ಎಲ್ಲಾ ನಡೆಯಿತು. ಈಗ ಸುಮ್ನೆ ಬಿದ್ದಿದೆ. ಅಷ್ಟು ಕಾಲ ಜನ ಸೇರಿದ ನೆಲದಲ್ಲಿ ನಾಣ್ಯ ಇರುತ್ತದೆ, ನಿಜ. ಅದಕ್ಕಿಂತ ಜಾಸ್ತಿ ಮೊಳೆ ಇರುತ್ತದೆ. ಎತ್ತಿನ ಲಾಳ, ಸೋಡಾ ಬಾಟ್ಲಿಯ ಮುಚ್ಚಳ, ನಕ್ಷತ್ರಕಡ್ಡಿಯ ತಂತಿ, ಸಿಗರೇಟು ಪ್ಯಾಕಿನ ಬೇಗಡೆ, ಮಾತ್ರೆಯ ಪಟ್ಟಿ ಎಲ್ಲವೂ ಇರುತ್ತವೆ. ಆ ನೆಲವನ್ನು ಯಾರೂ ಉತ್ತಿಲ್ಲ. ಹಾಗಾಗಿ ಬೇಕಾದದ್ದೆಲ್ಲ ಒಂದು ಗೇಣಿನೊಳಗೇ ಇದೆ. ಆಳಕ್ಕೆ ದುಡ್ಡು ಸುರಿದು ಪ್ರಯೋಜನ ಇಲ್ಲ.

ಇಲ್ಲಿ ಬೇಕಾದದ್ದು ಬಿಡಿಸಿ ಹೇಳುವ ಶಕ್ತಿ. ಮೊಳೆಯ ಪಕ್ಕದಲ್ಲಿ ಕಾಲಾಣೆ ಬಿದ್ದಿದೆ ಅಂತ ಇಟ್ಟುಕೊಳ್ಳಿ. ಕಾಯಿಲ್, ಅಂದರೆ ಯಂತ್ರದ ತುದಿಯಲ್ಲಿ ನೆಲದ ಮೇಲೆ ಬೀಸುವ ತಟ್ಟೆ, ಮೊಳೆಯ ಮೇಲೆ ಹೋದಾಗ ಯಂತ್ರ ಅದಕ್ಕೆ ಒಂದು ಸದ್ದು ಮಾಡುತ್ತದೆ. ಆ ಸದ್ದು ಮುಗಿದು ಮತ್ತೆ ಕೇಳಲು ತಯಾರಾಗಲಿಕ್ಕೆ ಅದಕ್ಕೆ ಒಂದು ಕ್ಷಣ ಬೇಕು. ಅಷ್ಟರಲ್ಲಿ ಕಾಯಿಲ್ ಕಾಲಾಣೆಯನ್ನು ದಾಟಿ ಹೋದರೆ ನಾಣ್ಯ ಇದ್ದೂ ಇಲ್ಲದ ಹಾಗೆ. ಈ ಚೇತರಿಕೆಯ ವೇಗಕ್ಕೆ ರಿಕವರಿ ಸ್ಪೀಡ್ ಅನ್ನುತ್ತಾರೆ. ಮೈನ್‌ಲ್ಯಾಬ್ ಈಕ್ವಿನಾಕ್ಸ್ 800 ಅನ್ನುವ ಯಂತ್ರದಲ್ಲಿ ಅದನ್ನು 1ರಿಂದ 8ರವರೆಗೆ ನಾವೇ ಇಟ್ಟುಕೊಳ್ಳಬಹುದು. ವೇಗ ಹೆಚ್ಚಿಸಿದರೆ ಆಳ ಸ್ವಲ್ಪ ಕಡಿಮೆಯಾಗುತ್ತದೆ. ನಮಗೆ ಆಳ ಬೇಡವಲ್ಲ, ಹೋಗಲಿ.

ಎರಡನೆಯದು ಕಾಯಿಲ್‌ನ ಅಗಲ. ಹಲವು ಯಂತ್ರಗಳ ಜೊತೆ ಬರುವುದು 11 ಇಂಚಿನ ಕಾಯಿಲ್. ಖಾಲಿ ಗದ್ದೆಗೆ ಅದು ಒಳ್ಳೆಯದು, ಬೇಗ ಬೇಗ ಜಾಗ ಮುಗಿಯುತ್ತದೆ. ಸಂತೆಮೂಲೆಯಲ್ಲಿ ಅದರ ಕೆಳಗೆ ಒಂದೇ ಸಲಕ್ಕೆ ಮೂರು ಮೊಳೆ, ಒಂದು ಮುಚ್ಚಳ, ಒಂದು ನಾಣ್ಯ ಸಿಕ್ಕಿಬೀಳುತ್ತವೆ. ಯಂತ್ರ ಎಲ್ಲವನ್ನೂ ಕಲಸಿ ಒಂದು ಗೊಗ್ಗರು ಸದ್ದು ಕೊಡುತ್ತದೆ. 5-6 ಇಂಚಿನ ಕಾಯಿಲ್ ಹಾಕಿದರೆ ಅದೇ ಜಾಗದಲ್ಲಿ ಸದ್ದುಗಳು ಬೇರೆ ಬೇರೆಯಾಗಿ ಕೇಳುತ್ತವೆ. ನನ್ನ ಪ್ರಕಾರ ದುಬಾರಿ ಯಂತ್ರ ದೊಡ್ಡ ಕಾಯಿಲ್ ಜೊತೆ ಕೊಳ್ಳುವುದಕ್ಕಿಂತ ಸಾಧಾರಣ ಯಂತ್ರ ಸಣ್ಣ ಕಾಯಿಲ್ ಜೊತೆ ಕೊಳ್ಳುವುದು ವಾಸಿ. ಆದ್ದರಿಂದ ಮೊದಲು ನೋಡಿದ್ದು ಯಂತ್ರವನ್ನಲ್ಲ, ಅದಕ್ಕೆ ಸಣ್ಣ ಕಾಯಿಲ್ ಸಿಗುತ್ತದೋ ಇಲ್ಲವೋ ಅಂತ.

ನಮ್ಮ ಕಡೆಗೆ ಇನ್ನೊಂದು ತಲೆನೋವು ಮಣ್ಣು. ಕಾಸರಗೋಡಿನ ಗುಡ್ಡೆಗಳೆಲ್ಲ ಮುರಕಲ್ಲು. ಆ ಕೆಂಪು ಬಣ್ಣವೇ ಕಬ್ಬಿಣದ ಅಂಶದ್ದು. ನೆಲವೇ ಲೋಹದ ಹಾಗೆ ಉತ್ತರ ಕೊಟ್ಟರೆ ಯಂತ್ರ ಏನು ಮಾಡೀತು? ಗ್ರೌಂಡ್ ಬ್ಯಾಲೆನ್ಸ್ ಅನ್ನುವ ಸೌಕರ್ಯ ಇರುವುದು ಇದಕ್ಕೇ. ಕಾಯಿಲನ್ನು ನೆಲದ ಮೇಲೆ ಎತ್ತಿ ಇಳಿಸಿ ಈ ಮಣ್ಣಿನ ಸದ್ದನ್ನು ಲೆಕ್ಕಕ್ಕೆ ಹಿಡಿಯಬೇಡ ಅಂತ ಯಂತ್ರಕ್ಕೆ ಕಲಿಸುವುದು. ಅಗ್ಗದ ಯಂತ್ರಗಳಲ್ಲಿ ಇದು ಕಾರ್ಖಾನೆಯಲ್ಲೇ ಗಟ್ಟಿಯಾಗಿ ಕೂತಿರುತ್ತದೆ, ಬದಲಿಸಲು ಆಗುವುದಿಲ್ಲ. ಗೆಳೆಯನ ಹತ್ತಿರ ಅಂಥದ್ದೊಂದು ಇತ್ತು. ಗದ್ದೆಯಲ್ಲಿ ಸರಿ ಇತ್ತು, ಗುಡ್ಡೆಯಲ್ಲಿ ಬಾಯಿ ಮುಚ್ಚಲೇ ಇಲ್ಲ. ಮುರಕಲ್ಲಿನ ನೆಲಕ್ಕೆ ಗ್ರೌಂಡ್ ಬ್ಯಾಲೆನ್ಸ್ ಬದಲಿಸಬಹುದಾದ ಯಂತ್ರವೇ ಬೇಕು. ಕಾಯಿಲ್ ಕೂಡ ಡಿಡಿ ಬಗೆಯದ್ದೇ, ಅಂದರೆ ಒಳಗೆ ಡಿ ಆಕಾರದ ಎರಡು ಸುರುಳಿ ಇರುವಂಥದ್ದೇ ಆಗಬೇಕು. ಅದು ಇಂಥ ಮಣ್ಣಿನಲ್ಲಿ ಕಡಿಮೆ ಗಲಾಟೆ ಮಾಡುತ್ತದೆ.

ಇನ್ನು ಡಿಸ್ಕ್ರಿಮಿನೇಶನ್, ಅಂದರೆ ಕಸವನ್ನು ಬಿಟ್ಟು ನಾಣ್ಯಕ್ಕೆ ಮಾತ್ರ ಸದ್ದು ಮಾಡು ಅನ್ನುವ ಗುಂಡಿ. ಅಮೆರಿಕ, ಇಂಗ್ಲೆಂಡಿನವರ ಸಲಹೆ ಓದಿ ಅದನ್ನು ಹಾಗೇ ಇಟ್ಟುಕೊಂಡರೆ ನಮ್ಮ ನಾಣ್ಯಗಳ ದೊಡ್ಡ ಪಾಲು ಮಣ್ಣಲ್ಲೇ ಉಳಿಯುತ್ತದೆ. ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿ ಸುಮಾರು 11.66 ಗ್ರಾಂ, 1940ರ ಹೊತ್ತಿನವರೆಗೆ ಅದರಲ್ಲಿ ಹನ್ನೊಂದು ಪಾಲು ಬೆಳ್ಳಿ, ಒಂದು ಪಾಲು ಬೆರಕೆ. ಅದು ಕೂಗಿಕೊಂಡು ಬರುತ್ತದೆ, ಯಾವ ಯಂತ್ರಕ್ಕೂ ಕಷ್ಟವಿಲ್ಲ. ತಾಮ್ರದ ಕಾಲಾಣೆಯೂ ಹಾಗೇ. 1943ರಿಂದ 1947ರವರೆಗಿನ ತೂತಿನ ಕಾಸು, ನಮ್ಮ ಹಿರಿಯರ ಒಟ್ಟೆ ಮುಕ್ಕಾಲು, ಕಂಚಿನದ್ದು, ಅದೂ ಚೆನ್ನಾಗಿ ಕೇಳುತ್ತದೆ. ಆದರೆ ಆಣೆ, ನಾಲ್ಕಾಣೆ, ಎಂಟಾಣೆಗಳಲ್ಲಿ ಬಹಳಷ್ಟು ತಾಮ್ರ-ನಿಕ್ಕಲ್ ಮಿಶ್ರಣದವು. ಕೆಳಗಿರುವ ಲೋಹಕ್ಕೆ ತಕ್ಕಂತೆ ಯಂತ್ರದ ಪರದೆಯಲ್ಲಿ ಒಂದು ನಂಬರ್ ಬರುತ್ತದೆ. ಇವುಗಳ ನಂಬರ್ ಬಂದು ಕೂರುವುದು ಸರಿಯಾಗಿ ಬೇಗಡೆಯ ನಂಬರಿನ ಪಕ್ಕದಲ್ಲಿ. ಬೇಗಡೆ ಬೇಡ ಅಂದರೆ ಆಣೆಯೂ ಬೇಡ ಅಂದ ಹಾಗೆ. 1947ರ ರೂಪಾಯಿ, 1960ರ ದಶಕದ ರೂಪಾಯಿ ಅಪ್ಪಟ ನಿಕ್ಕಲ್, ಅಯಸ್ಕಾಂತಕ್ಕೆ ಅಂಟುತ್ತವೆ. 1992ರಿಂದ ಬಂದ ಸ್ಟೀಲ್ ರೂಪಾಯಿಯೂ ಅಂಟುತ್ತದೆ. ಕಬ್ಬಿಣ ಬೇಡ ಅಂತ ಗುಂಡಿ ಒತ್ತಿದರೆ ಇವೆಲ್ಲ ಮೊಳೆಯ ಗುಂಪಿಗೆ ಸೇರಿ ಮಾಯ. ಸ್ಟೀಲ್ ರೂಪಾಯಿ ಹೋದರೆ ಹೋಗಲಿ, 1947ರ ರೂಪಾಯಿ ಹೋದರೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಅಲ್ಯುಮಿನಿಯಂ ಪೈಸೆಗಳ ಕಥೆ ಬೇರೆ. ಕರಾವಳಿಯ ಒದ್ದೆ ಮಣ್ಣಲ್ಲಿ ಅವು ಬಿಳಿ ಪುಡಿ ಬಿಟ್ಟು ಸವೆದಿರುತ್ತವೆ.

ಹೀಗಾಗಿ ನಾನು ಡಿಸ್ಕ್ರಿಮಿನೇಶನ್ ಬಹುತೇಕ ತೆಗೆದೇ ಇಡುತ್ತೇನೆ. ಕಬ್ಬಿಣಕ್ಕೆ ತಗ್ಗಿದ ಸದ್ದು, ಒಳ್ಳೆಯ ಲೋಹಕ್ಕೆ ಎತ್ತರದ ಸದ್ದು, ನಡುವಿನದಕ್ಕೆ ನಡುವಿನದು. ಕಿವಿಯೇ ತೀರ್ಮಾನ ಮಾಡಲಿ. ಕಬ್ಬಿಣದ ಸದ್ದನ್ನು ಮಾತ್ರ ಸಣ್ಣದಾಗಿಸುವ ವ್ಯವಸ್ಥೆ ಇದ್ದರೆ ತಲೆ ಚಿಟ್ಟು ಹಿಡಿಯುವುದಿಲ್ಲ. ಯಂತ್ರ ಆರಿಸುವಾಗ ಇದನ್ನೂ ನೋಡಿದ್ದೆ.

ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿದೆ, ಅದು ಎಲ್ಲ ವಿವರಪಟ್ಟಿಗಿಂತ ಉಪಯೋಗಕ್ಕೆ ಬಂತು. ಒಂದು ಹಲಗೆಯ ಮೇಲೆ ನಾಲ್ಕು ತುಕ್ಕು ಮೊಳೆ ಅಂಟಿಸಿ ಅವುಗಳ ನಡುವೆ ಕಾಲಾಣೆ ಇಟ್ಟೆ. ಹಲಗೆಯನ್ನು ತೋಟದ ನೆಲದ ಮೇಲೇ ಇಡಬೇಕು. ಮನೆಯೊಳಗೆ ಬೇಡ, ಅಲ್ಲಿ ಕಾಂಕ್ರೀಟಿನ ಕಬ್ಬಿಣ, ಕರೆಂಟು ಎಲ್ಲಾ ಸೇರಿ ಯಂತ್ರದ ತಲೆ ಕೆಡಿಸುತ್ತವೆ. ಆಮೇಲೆ ಬೇರೆ ಬೇರೆ ದಿಕ್ಕಿನಿಂದ ಕಾಯಿಲ್ ಬೀಸಿ ಕೇಳುವುದು. ಎಷ್ಟು ದಿಕ್ಕಿನಲ್ಲಿ ಕಾಲಾಣೆಯ ಎತ್ತರದ ಸದ್ದು ಹೊರಗೆ ಬರುತ್ತದೆ ಅನ್ನುವುದೇ ಅಂಕ. ಗೆಳೆಯರಿಂದ ಎರವಲು ತಂದ ಯಂತ್ರಗಳನ್ನೆಲ್ಲ ಈ ಹಲಗೆಯ ಮೇಲೆ ಓಡಿಸಿದೆ. ಮಾವ ನೋಡಿ, "ನೀನೇ ಇಟ್ಟು ನೀನೇ ಹುಡುಕುವುದಾ ಮಾರಾಯ?" ಅಂದರು.

ಕೊನೆಗೆ ತೆಗೆದುಕೊಂಡದ್ದು ನೋಕ್ಟಾ ಮಾಕ್ರೋ ಸಿಂಪ್ಲೆಕ್ಸ್ ಪ್ಲಸ್. ಅದು ನೆಲಕ್ಕೆ ಕಳಿಸುವುದು 12 ಕಿಲೋಹರ್ಟ್ಸ್‌ನ ಒಂದೇ ತರಂಗ. ಬೆಳ್ಳಿ, ತಾಮ್ರ, ಸಣ್ಣ ಆಣೆ ಎಲ್ಲಕ್ಕೂ ಹೊಂದುವ ನಡುಮಟ್ಟದ್ದು. ಗ್ರೌಂಡ್ ಬ್ಯಾಲೆನ್ಸ್ ಇದೆ, ಸಣ್ಣ ಕಾಯಿಲ್ ಬೇರೆ ಸಿಗುತ್ತದೆ, ಮಳೆ ಬಂದರೆ ಹೆದರಬೇಕಿಲ್ಲ. ರಿಕವರಿ ಸ್ಪೀಡ್ ಬದಲಿಸಲು ಆಗುವುದಿಲ್ಲ. ಅದಕ್ಕೆ ನಾನು ಬೀಸುವ ವೇಗವನ್ನೇ ತಗ್ಗಿಸಿದ್ದೇನೆ. ಈಕ್ವಿನಾಕ್ಸ್‌ನಂಥ ಹಲವು ತರಂಗದ ಯಂತ್ರಕ್ಕೆ ದುಡ್ಡು ಬಹಳ ಜಾಸ್ತಿ. ಕುಂಬಳೆ ಕಡಪ್ಪುರದಲ್ಲೋ ಬೇಕಲದ ಕಡೆಯಲ್ಲೋ ಉಪ್ಪುನೀರಿನ ಒದ್ದೆ ಮರಳಲ್ಲಿ ಹುಡುಕುವವರಿಗೆ ಅದು ನಿಜವಾಗಿ ಬೇಕು. ಒಂದೇ ತರಂಗದ ಯಂತ್ರ ಅಲ್ಲಿ ಒದರುತ್ತದೆ. ನಾನು ಹುಡುಕುವುದು ತೋಟದಲ್ಲಿ.

ಸೋಡಾ ಮುಚ್ಚಳ ಮಾತ್ರ ಈಗಲೂ ಮೋಸ ಮಾಡುತ್ತದೆ, ಕಬ್ಬಿಣವೇ ಆದರೂ ನಾಣ್ಯದ ಹಾಗೆ ಹಾಡುತ್ತದೆ. ಅದಕ್ಕೊಂದು ಉಪಾಯ: ಕಾಯಿಲನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ ಅಂಚಿನಿಂದ ಮುಟ್ಟಿಸಿ ನೋಡುವುದು. ಮುಚ್ಚಳ ಆದರೆ ಸದ್ದು ಒಡೆದು ಕಬ್ಬಿಣದ ಕಡೆ ಜಾರುತ್ತದೆ. ನಾಣ್ಯದ ಸದ್ದು ದುಂಡಗೆ ಮುಗಿಯುತ್ತದೆ. ಸುತ್ತು ಹಾಕಿ ಅಡ್ಡ ದಿಕ್ಕಿನಿಂದ ಬೀಸಿದರೂ ನಾಣ್ಯದ ನಂಬರ್ ಅಲ್ಲೇ ನಿಲ್ಲುತ್ತದೆ, ಬಗ್ಗಿದ ಮೊಳೆಯದ್ದು ಮಾಯವಾಗುತ್ತದೆ.

ಕಾನೂನಿನ ಮಾತೂ ಹೇಳಿಬಿಡುತ್ತೇನೆ, ಯಾಕೆಂದರೆ ದಾರಿಯಲ್ಲಿ ಹೋಗುವವರೆಲ್ಲ ಕೇಳುವುದು ನಿಧಿಯ ಬಗ್ಗೆಯೇ. ಜಾಗದ ಯಜಮಾನರ ಒಪ್ಪಿಗೆ ಮೊದಲು. ಬೇಕಲ ಕೋಟೆಯಂಥ ಸಂರಕ್ಷಿತ ಜಾಗಕ್ಕೆ ಯಂತ್ರ ಹಿಡಿದು ಹೋಗುವ ಯೋಚನೆಯೇ ಬೇಡ, ಅಲ್ಲಿ ಅನುಮತಿ ಇಲ್ಲದೆ ಅಗೆಯುವುದಕ್ಕೆ ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಯ ತಡೆ ಇದೆ. ಕೇರಳದಲ್ಲಿ ನಿಧಿಗೆಂದೇ 1968ರ ಕಾಯ್ದೆಯೂ ಇದೆ. ಹೂತಿಟ್ಟ ಗಂಟು ಸಿಕ್ಕಿದರೆ ಕಲೆಕ್ಟರಿಗೆ ತಿಳಿಸಬೇಕು.

ಯಂತ್ರದಲ್ಲಿ ಉಳಿಸಿದ ದುಡ್ಡಲ್ಲಿ ಒಂದು ಪಿನ್‌ಪಾಯಿಂಟರ್ ತೆಗೆದುಕೊಳ್ಳಿ. ಕೈಯಲ್ಲಿ ಹಿಡಿಯುವ ಈ ಸಣ್ಣ ಕೋಲು ಅಗೆದ ಗುಂಡಿಯ ಯಾವ ಬದಿಯಲ್ಲಿ ನಾಣ್ಯ ಇದೆ ಅಂತ ತೋರಿಸುತ್ತದೆ. ಕಸದ ಜಾಗದಲ್ಲಿ ಅದಿಲ್ಲದಿದ್ದರೆ ಮೊಳೆ ಸಿಕ್ಕಿದ ಖುಷಿಗೆ ಗುಂಡಿ ಮುಚ್ಚಿಬಿಡುತ್ತೀರಿ. ನಾನು ಹುಡುಕುವುದು ಮಳೆ ಹಿಂದೆ ಸರಿದ ಮೇಲೆ, ಮಣ್ಣಿನ ಪಸೆ ಆರುವ ಮುಂಚೆ. ಏಪ್ರಿಲ್‌ನಲ್ಲಿ ಈ ನೆಲಕ್ಕೆ ಪಿಕ್ಕಾಸೇ ಬೇಕು, ಪಿಕ್ಕಾಸು ಬಿದ್ದರೆ ನಾಣ್ಯ ಹಾಳು.